ಎರಡು ನಿಮಿಷದ ಕಟ್ಟಳೆ

ಪರದೆಯ ಮೇಲೆ ಅದೇ ಹೆಸರು ಮತ್ತೆ ಬಂದಾಗ ಇಂಪನಾ ಬಾಯಿಯ ಹತ್ತಿರ ತಂದಿದ್ದ ಪೋಹೆಯ ಚಮಚವನ್ನು ತಟ್ಟೆಗೇ ಇಳಿಸಿದಳು. ಕ್ವಾಲಿಟಿ ವಿಭಾಗದ ಯಾರೋ ಒಬ್ಬರು ಬೆಳಗಿನಿಂದ ಡೇಟಾಬೇಸಿಗೆ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದರು. ಅದು ಎರಡು ನಿಮಿಷ ಓಡುತ್ತಿತ್ತು, ಆಮೇಲೆ ಅವಳು ಬರೆದಿಟ್ಟಿದ್ದ ಕಟ್ಟಳೆ ಅದನ್ನು ಕಡಿದು ಹಾಕುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಆ ಮನುಷ್ಯ ಮತ್ತೆ ಅದನ್ನೇ ಕಳಿಸುತ್ತಿದ್ದ, ತೆರೆಯದ ಬಾಗಿಲನ್ನು ಬಡಿಯುತ್ತಲೇ ನಿಂತವರ ಹಾಗೆ.

ಭೋಸರಿಯ ಆ ಕಾರ್ಖಾನೆಯಲ್ಲಿ ಸಣ್ಣ ಸರಕು ಗಾಡಿಗಳಿಗೆ ಬೇಕಾದ ಬ್ರೇಕಿನ ಪೈಪು ತಯಾರಾಗುತ್ತಿತ್ತು. ಎಲ್ಲ ವಿಭಾಗಗಳಿಗೂ ಇದ್ದದ್ದು ಒಂದೇ ಡೇಟಾಬೇಸ್. ಯಂತ್ರಗಳ ಮುಂದೆ ನಿಂತವರು ದಿನದ ಕೆಲಸವನ್ನು ಅದರಲ್ಲೇ ಬರೆಯುತ್ತಿದ್ದರು, ಅಕೌಂಟ್ಸಿನವರು ಅದರಿಂದಲೇ ಲೆಕ್ಕ ತೆಗೆಯುತ್ತಿದ್ದರು, ಲಾರಿ ಗೇಟು ದಾಟಲು ಬೇಕಾದ ಚಲನ್ ಹೊರಬೀಳುತ್ತಿದ್ದದ್ದೂ ಅದರಿಂದಲೇ. ಹೋದ ದೀಪಾವಳಿಯ ಮುಂಚೆ ಅಕೌಂಟ್ಸಿನ ಒಬ್ಬರು ಹತ್ತು ವರ್ಷದ ಲೆಕ್ಕವನ್ನು ಒಂದೇ ಸಲಕ್ಕೆ ಕೇಳಿಬಿಟ್ಟದ್ದರಿಂದ ಇಡೀ ದಿನ ಎಲ್ಲರ ಪರದೆಗಳೂ ಅಲುಗಾಡದೆ ನಿಂತಿದ್ದವು. ಗೇಟಿನಿಂದ ಹೆದ್ದಾರಿಯ ತಿರುವಿನ ತನಕ ಲಾರಿಗಳ ಸಾಲು. ಅದಾದ ಮೇಲೆ, ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಇಂಪನಾ ಈ ಕಟ್ಟಳೆಯನ್ನು ಬರೆದಳು. ಯಾರದೇ ಆಗಲಿ, ಎರಡು ನಿಮಿಷದೊಳಗೆ ಉತ್ತರ ಸಿಗದ ಪ್ರಶ್ನೆ ತಾನಾಗಿ ರದ್ದಾಗಬೇಕು. ಲಾರಿ ಕಳಿಸುವ ಡಿಸ್ಪ್ಯಾಚ್ ವಿಭಾಗಕ್ಕೆ ಎಲ್ಲರಿಗಿಂತ ಮೊದಲ ಸರದಿ.

ಆಮೇಲೆ ಲಾರಿಗಳು ನಿಲ್ಲಲಿಲ್ಲ. ಅವಳ ತಲೆಯೂ ನಿಲ್ಲಲಿಲ್ಲ. ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವಾಗಲೂ ಫೋನು ಪಕ್ಕದಲ್ಲಿರಬೇಕು, ಅದು ಒಂದು ಸಲ ನಡುಗಿದರೆ ಸಾಕು, ಸೌಟು ಬಿಟ್ಟು ನೋಡಬೇಕು. "ನಿಂಗೆ ಅದು ಮಗು ಆಗ್ಬಿಟ್ಟಿದೆ," ಎಂದು ಗಂಡ ಮಿಥುನ ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ.

ಫೋನ್ ಬಡಿದುಕೊಂಡಿತು. ಡಿಸ್ಪ್ಯಾಚ್ ನೋಡಿಕೊಳ್ಳುವ ಸ್ವಪ್ನಿಲ್.

"ಮ್ಯಾಡಮ್, ಸ್ಕ್ರೀನ್ ಹಾಲತ್ ನಾಹೀ," ಎಂದ. ಪರದೆ ಅಲುಗುತ್ತಿಲ್ಲ ಎಂಬ ಈ ಮಾತು ಅವಳು ಮರಾಠಿಯಲ್ಲಿ ಮೊದಲು ಕಲಿತದ್ದು. ಆಮೇಲೆ ಅವನು ಹಿಂದಿಗೆ ಹೊರಳಿ, ಇವತ್ತು ತಿಂಗಳ ಕೊನೆ, ಸಂಜೆಯೊಳಗೆ ಮೂರು ಲಾರಿ ಹೊರಡಬೇಕು, ಒಂದು ಚಲನ್ ತೆಗೆಯಲು ಚಹಾ ಕುಡಿದು ಬರುವಷ್ಟು ಹೊತ್ತಾಗುತ್ತಿದೆ ಎಂದು ಹೇಳಿದ.

ಕಡಿದು ಹೋಗುವ ಪ್ರಶ್ನೆಯೂ ಕಡಿಯುವ ತನಕ ಎಲ್ಲರ ಪಾಲನ್ನು ತಿನ್ನುತ್ತಲೇ ಇರುತ್ತದೆ. ಇಂಪನಾ ಮತ್ತೆ ಯೋಚಿಸಲಿಲ್ಲ. ಆ ಹೆಸರಿನ ಲಾಗಿನ್ನನ್ನೇ ಮುಚ್ಚಿಬಿಟ್ಟಳು. ಪರದೆ ಹಗುರಾಯಿತು. ಪೋಹೆ ಆರಿಹೋಗಿತ್ತು.

ಅವಳು ಕೈ ತೊಳೆದು ಬರುವಷ್ಟರಲ್ಲಿ ಐವತ್ತರ ಮೇಲಿನ ಒಬ್ಬರು ಅವಳ ಮೇಜಿನ ಹತ್ತಿರ ನಿಂತಿದ್ದರು. ನೀಲಿ ಕೋಟು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ, ಮೆಟ್ಟಿಲು ಹತ್ತಿ ಬಂದ ಏದುಸಿರು.

"ಡೇಟಾಬೇಸ್ ಕೋಣ್ ಬಘತಂ?" ಇದನ್ನು ನೋಡಿಕೊಳ್ಳುವವರು ಯಾರೆಂದು ಮರಾಠಿಯಲ್ಲಿ ಕೇಳಿದರು.

"ಮೀ... ಮೀ ಬಘತೇ," ನೋಡಿಕೊಳ್ಳುವುದು ನಾನೇ ಎಂದ ಮೇಲೆ ಇಂಪನಾ ಕುರ್ಚಿ ಎಳೆಯುತ್ತ ಅರಿವಿಲ್ಲದೆ ಕನ್ನಡದಲ್ಲಿ, "ಕೂತ್ಕೊಳ್ಳಿ," ಎಂದಳು.

ಅವರ ಮುಖ ಸ್ವಲ್ಪ ಸಡಿಲವಾಯಿತು. "ಕನ್ನಡದವರೇನ್ರಿ? ಛಲೋ ಆತು. ನಾ ಈರಬಸಪ್ಪ. ಕ್ವಾಲಿಟಿ ನೋಡ್ತೀನಿ. ನನ್ನ ಲಾಗಿನ್ ಬಂದ್ ಆಗೇದ್ರಿ."

"ನಾನೇ ಸರ್ ಬಂದ್ ಮಾಡಿದ್ದು. ಬೆಳಗ್ಗೆಯಿಂದ ಒಂದೇ ಕ್ವೆರಿ ಹಾಕ್ತಾ ಇದೀರ. ಕಟ್ ಆಗುತ್ತೆ ಅಂತ ಗೊತ್ತಿದ್ರೂ ಹಾಕ್ತೀರ. ಇವತ್ತು ಮಂತ್ ಎಂಡ್, ಡಿಸ್ಪ್ಯಾಚ್‌ನೋರು ನನ್ನನ್ನ ಬೈತಿದಾರೆ."

"ಬೆಳಿಗ್ಗಿಂದ ಅಲ್ರಿ," ಎಂದರು ಈರಬಸಪ್ಪ. "ಸೋಮವಾರದಿಂದ ಹಾಕಾಕತ್ತೇನಿ. ಇವತ್ತ ಗುರುವಾರ."

ಅವರು ಕೋಟಿನ ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು, ಅದರಿಂದ ಬೆರಳುದ್ದದ ಒಂದು ನಳಿಗೆಯ ತುಂಡನ್ನು ಅವಳ ಅಂಗೈ ಮೇಲಿಟ್ಟರು. "ಬೆಳಕಿಗೆ ಹಿಡೀರಿ. ತುದಿ ಅಗಲ ಮಾಡೇವಲ್ಲ, ಅಲ್ಲಿ ನೋಡ್ರಿ."

ತುದಿಯಲ್ಲಿ ಕೂದಲೊಂದು ಅಂಟಿದ ಹಾಗಿತ್ತು. ಇಂಪನಾ ಉಗುರಿನಿಂದ ತೆಗೆಯಲು ನೋಡಿದಳು. ಅದು ಕೂದಲಾಗಿರಲಿಲ್ಲ.

"ಸೀಳು," ಎಂದರು ಅವರು. "ಇಂದಾಪುರದ ಕಡೆ ಟೆಂಪೋದ್ದು. ಹೋದ ವಾರ ದಾಳಿಂಬಿ ತುಂಬಕೊಂಡು ಸೊಲ್ಲಾಪುರ ರೋಡಿನ ಮ್ಯಾಲ ಬರಾಕತ್ತಿತ್ತು. ಡ್ರೈವರ್ ಜಟ್ಟೆಪ್ಪ ಅಂತ, ನಮ್ಮ ಕಡಿಯವನ. ದವಾಖಾನಿಗೆ ಹೋಗಿ ನೋಡಿ ಬಂದ್ಯಾ. ಕಾಲ ಮುರದದ. ಅವ ಏನ್ ಹೇಳಿದಾ ಗೊತ್ತೇನ್ರಿ? ಪೆಡಲ್ ಒತ್ತಿದ್ಯಾ ಸಾಹೇಬ್ರ, ಕಾಲಿಗೆ ಏನೂ ಸಿಗಲೇ ಇಲ್ಲ ಅಂದ. ನೀರಾಗ ಕಾಲ ಇಟ್ಟಂಗ ಆತಂತ. ಬಾಜೂಕ ಹೆಂಡ್ತಿ ಕುಂತಿದ್ಳು. ಡಿವೈಡರಿಗೆ ಹೊಡದು ನಿಲ್ಲಿಸ್ಯಾನ. ಇಬ್ಬರೂ ಉಳದಾರ, ಅದ ದೊಡ್ಡದು."

ಇಂಪನಾ ತುಂಡನ್ನು ಮೇಜಿನ ಮೇಲಿಟ್ಟಳು. ಆಮೇಲೆ ಅಲ್ಲಿಡುವುದೂ ಸರಿಯಲ್ಲವೆನಿಸಿ ಚೀಲದೊಳಗೆ ಹಾಕಿದಳು.

ಪೈಪು ಮಾಡುವ ಉಕ್ಕಿನ ನಳಿಗೆ ಕಾರ್ಖಾನೆಗೆ ಸುರುಳಿ ಸುರುಳಿಯಾಗಿ ಬರುತ್ತಿತ್ತು. ಸೀಳಿದ ಪೈಪು ಯಾವ ಸುರುಳಿಯದೆಂದು ಈರಬಸಪ್ಪನವರಿಗೆ ಸಿಕ್ಕಿತ್ತು. ಅದರ ಜೊತೆಯಲ್ಲೇ ಬಂದ ಬೇರೆ ಸುರುಳಿಗಳೂ ಕೆಟ್ಟಿರಬಹುದೆಂಬುದು ಅವರ ಭಯ. ಅವು ಯಾವ ಯಾವ ಪೈಪಾದವು, ಯಾವ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋದವು ಎಂಬುದೇ ಅವರ ಪ್ರಶ್ನೆ.

"ಸುರುಳಿ ನಂಬರ್ ಹಾಕಿದ್ರೆ ತಕ್ಷಣ ಬರ್ಬೇಕಲ್ಲ ಸರ್. ಎರಡು ನಿಮಿಷ ಯಾಕೆ ಬೇಕು?"

"ಅದಕ್ಕ ಬ್ಯಾರೆ ಕಾಲಮ್ಮೇ ಇಲ್ರಿ. ಆಪರೇಟರ್ಗೋಳು ಷರಾದಾಗ ಬರೀತಾರ. ಒಬ್ಬ ಕಾಯಿಲ್ ಅಂತಾನ, ಒಬ್ಬ ಗುಂಡಾಳಿ ಅಂತಾನ, ಇನ್ನೊಬ್ಬ ಬರೇ ನಂಬರ್ ಹಾಕ್ತಾನ. ಅರ್ಧ ಬಳಸಿ ಗೋಡೌನಿಗೆ ವಾಪಸ್ ಒಯ್ತಾರ, ಯಾವಾಗೋ ಮತ್ತ ತರ್ತಾರ. ಹಿಂಗಾಗಿ ಎಲ್ಲಾ ಷರಾ ಓದಬೇಕು, ಒಂದೂ ಬಿಡದಂಗ."

ಇಂಪನಾಳಿಗೆ ಅರ್ಥವಾಯಿತು. ವರ್ಷಗಳ ಸಾಲುಗಳನ್ನು ಒಂದೊಂದಾಗಿ ತೆರೆದು ಓದಿಸುವ ಪ್ರಶ್ನೆ ಅದು. ಅಂಥದ್ದನ್ನು ತಡೆಯಲೆಂದೇ ಅವಳು ಕಟ್ಟಳೆ ಬರೆದದ್ದು. ಇಂಥ ಓದಿಗೆಂದೇ ಡೇಟಾಬೇಸಿನ ನಕಲು ಇಟ್ಟಿದ್ದ ಬೇರೆ ಯಂತ್ರ ಹೋದ ತಿಂಗಳು ಕೆಟ್ಟಿತ್ತು. ಹೊಸದಕ್ಕೆ ಬರೆದ ಅರ್ಜಿ ಯಾರ ಮೇಜಿನ ಮೇಲಿತ್ತೋ.

"ಲಾರಿ ನಿಲ್ಸಕ್ಕೆ ಹೇಳ್ಬೋದಲ್ವಾ?"

"ಪ್ಲಾಂಟ್ ಹೆಡ್ಡಿಗೆ ಕೇಳಿದ್ಯಾ. ಸಂಶಯದ ಮ್ಯಾಲ ಲಾರಿ ನಿಲ್ಸಂಗಿಲ್ಲ, ಯಾವ ಪೆಟ್ಟಿಗಿ ಅಂತ ತೋರ್ಸು, ನಿಲ್ಲಿಸ್ತೀನಿ ಅಂದ್ರು. ಅವರದೂ ಖರೇನ." ಈರಬಸಪ್ಪ ಅವಳ ಪರದೆಯ ಕಡೆ ಗಲ್ಲ ಎತ್ತಿ ತೋರಿಸಿದರು. "ತೋರಸೂದು ಇದರೊಳಗ ಅದ."

ಇಂಪನಾ ಎದ್ದು ಮಾಧುರಿಯವರ ಕೋಣೆಗೆ ಹೋದಳು. ಮಾಧುರಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ಅವರ ಮನೆಮಾತೂ ಕನ್ನಡವೆಂದು, ತವರು ಸೊಲ್ಲಾಪುರದ ಕಡೆಯದೆಂದು ಇಂಪನಾ ಕೇಳಿದ್ದಳೇ ಹೊರತು ಅವರ ಬಾಯಲ್ಲಿ ಒಂದು ಕನ್ನಡ ಮಾತು ಕೇಳಿರಲಿಲ್ಲ. ಆಫೀಸಿನಲ್ಲಿ ಅವರದು ಇಂಗ್ಲಿಷ್, ಸಿಟ್ಟು ಬಂದಾಗ ಮರಾಠಿ.

ಎಲ್ಲ ಕೇಳಿಸಿಕೊಂಡು ಮಾಧುರಿ ಕನ್ನಡಕ ತೆಗೆದರು. ಲಾರಿಗಳು ಆರಕ್ಕೆ ಹೊರಡುತ್ತವೆ, ಅವು ಹೋದ ಮೇಲೆ ರಾತ್ರಿಯಿಡೀ ಏನು ಬೇಕಾದರೂ ಓಡಿಸು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಈ ಪೈಪು ಹೋಗದಿದ್ದರೆ ಚಾಕಣದಲ್ಲಿ ಗಾಡಿ ಜೋಡಿಸುವವರ ಕೆಲಸ ನಿಲ್ಲುತ್ತದೆ, ದೀಪಾವಳಿಯ ಮುಂಚಿನ ಆ ದಿನ ಆ ಕಂಪನಿಯವರ ಮುಂದೆ ನಿಂತು ಉತ್ತರ ಕೊಟ್ಟವಳು ನಾನು, ನೀನಲ್ಲ ಎಂದೂ ಸೇರಿಸಿದರು. ಅದರಲ್ಲಿ ಗದರಿಕೆ ಇರಲಿಲ್ಲ. ದಣಿವಿತ್ತು.

"ಅವರ ಹತ್ತಿರ ಇರುವುದು ಒಂದು ತುಂಡು. ನಾಳೆ ಉತ್ತರ ಸಿಕ್ಕರೆ ನಾಳೆ ವಾಪಸ್ ತರಿಸೋಣ," ಎಂದರು ಮಾಧುರಿ.

ಇಂಪನಾ ಮೇಜಿಗೆ ಬಂದಳು. ಕಟ್ಟಳೆ ಮುರಿಯದೆ ಆಗುವುದನ್ನು ಮಾಡಲು ತೊಡಗಿದಳು. ಈರಬಸಪ್ಪನವರ ಪ್ರಶ್ನೆಯನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ವಾರದ ಷರಾಗಳನ್ನು ಒಂದೊಂದು ಸಲ ಓದಿಸಿದಳು. ಅವರು ಪಕ್ಕದಲ್ಲಿ ಕುರ್ಚಿಯ ಅಂಚಿಗೆ ಕುಳಿತರು. ಮಧ್ಯಾಹ್ನದ ಊಟದ ಗಂಟೆಯಾದರೂ ಏಳಲಿಲ್ಲ. ಮನೆಯಿಂದ ಫೋನ್ ಬಂದಾಗ, "ಡಬ್ಬಿ ಹಂಗ ಅದ ಪಾರವ್ವಾ, ಆಮ್ಯಾಲ ಉಣ್ತೀನಿ," ಎಂದು ಹೆಂಡತಿಗೆ ಹೇಳಿ ಇಟ್ಟರು.

ತುಂಡುಗಳು ನಿಧಾನಕ್ಕೆ ಬಂದವು. ಡಿಸ್ಪ್ಯಾಚಿನಿಂದ ಏನಾದರೂ ಬಂದರೆ ಸಾಕು, ಅವು ಬದಿಗೆ ಸರಿದು ಕಾಯುತ್ತಿದ್ದವು; ಕಾದು ಕಾದು ಎರಡು ನಿಮಿಷ ಮೀರಿ ಕೆಲವು ಕಡಿದೇ ಹೋದವು. ಅವನ್ನು ಇನ್ನೂ ಸಣ್ಣದಾಗಿ ಒಡೆದು ಮತ್ತೆ ಕಳಿಸಬೇಕು. ತಾನು ಬರೆದ ಕಟ್ಟಳೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು ಇಂಪನಾಳಿಗೆ ಆ ಮಧ್ಯಾಹ್ನ ತಿಳಿಯಿತು. ಈ ವೇಗದಲ್ಲಿ ನಾಳೆ ಬೆಳಗ್ಗೆಯಾದರೂ ಮುಗಿಯುವಂತಿರಲಿಲ್ಲ.

"ಐದ್ನಿಮಿಷ ಸರ್, ಬಂದೆ," ಎಂದು ಅವಳು ಎದ್ದಳು. ಎಲ್ಲಿಗೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ಮೆಟ್ಟಿಲಿಳಿದು, ಯಂತ್ರಗಳ ಗದ್ದಲ ದಾಟಿ, ಲಾರಿಗಳು ನಿಲ್ಲುವ ಅಂಗಳಕ್ಕೆ ಬಂದಳು. ಮೂರು ವರ್ಷದಲ್ಲಿ ಅವಳು ಇಲ್ಲಿಗೆ ಬಂದದ್ದೇ ಅಪರೂಪ. ಲಾರಿಯೆಂದರೆ ಅವಳಿಗೆ ಪರದೆಯ ಮೇಲಿನ ಒಂದು ಸಾಲು.

ಎರಡು ಲಾರಿ ತುಂಬಿ ತಾಡಪತ್ರಿ ಬಿಗಿದಾಗಿತ್ತು. ಮೂರನೆಯದಕ್ಕೆ ಪೆಟ್ಟಿಗೆ ಏರಿಸುತ್ತಿದ್ದರು. ಲಾರಿಯ ನೆರಳಿನಲ್ಲಿ ಡ್ರೈವರೊಬ್ಬ ಪೇಪರ್ ಹಾಸಿಕೊಂಡು ಜೋಳದ ಭಾಕರಿ ಮುರಿಯುತ್ತಿದ್ದ. ಸ್ವಪ್ನಿಲ್ ಅವಳನ್ನು ಕಂಡು ಅಚ್ಚರಿಯಿಂದ ಹತ್ತಿರ ಬಂದ.

"ನೀವು ಇಲ್ಲಿ? ಈಗ ಎಲ್ಲ ಸರಿಯಾಗಿದೆ ಮ್ಯಾಡಮ್, ಬೆಳಗ್ಗೆ ಹೇಳಿದ ಮೇಲೆ ಬೆಣ್ಣೆಯ ಹಾಗೆ ಓಡ್ತಿದೆ," ಎಂದ ಹಿಂದಿಯಲ್ಲಿ. "ಇವತ್ತು ಮುಗಿದರೆ ನಾಳೆ ನನಗೆ ರಜೆ. ಮಗಳನ್ನ ಅಜ್ಜಿ ಮನೆಗೆ ಕರ್ಕೊಂಡು ಹೋಗಬೇಕು."

ಇಂಪನಾ ಒಂದು ಪೆಟ್ಟಿಗೆಯ ಮೇಲೆ ಕೈಯಿಟ್ಟಳು. "ಇದರೊಳಗಿನದು ಯಾವ ಸುರುಳಿಯದು ಅಂತ ಗೊತ್ತಾಗುತ್ತಾ?"

ಸ್ವಪ್ನಿಲ್ ನಕ್ಕ. "ನನಗೆ ಪೆಟ್ಟಿಗೆ ಎಷ್ಟು ಅಂತ ಗೊತ್ತು. ಒಳಗಿನದು ನನಗೆ ಯಾರು ಹೇಳ್ತಾರೆ?"

ಅವಳು ಪೆಟ್ಟಿಗೆಯಿಂದ ಕೈ ತೆಗೆದಳು. ಭಾಕರಿ ಮುರಿಯುತ್ತಿದ್ದ ಡ್ರೈವರ್ ಬಲಗಾಲಿನ ಚಪ್ಪಲಿ ಬಿಟ್ಟು, ಹೆಬ್ಬೆರಳಿನಿಂದ ಸುಮ್ಮನೆ ನೆಲವನ್ನು ಒತ್ತುತ್ತಿದ್ದ, ಬಿಡುತ್ತಿದ್ದ. ಇಂಪನಾ ಅದನ್ನು ನೋಡುತ್ತ ನಿಂತಳು. ಆಮೇಲೆ ತಿರುಗಿ ಬಂದ ದಾರಿಯಲ್ಲೇ ಬೇಗ ಬೇಗ ನಡೆದಳು. ಮೆಟ್ಟಿಲ ಹತ್ತಿರ ಬಂದಾಗ ಓಡುತ್ತಿದ್ದಳು.

ಮೇಜಿನ ಮುಂದೆ ಕುಳಿತು ಅವಳು ಯಾರಿಗೂ ಏನೂ ಹೇಳಲಿಲ್ಲ. ಈರಬಸಪ್ಪನವರ ಲಾಗಿನ್ ತೆರೆದಳು. ಆ ಹೆಸರಿನ ಮೇಲಿದ್ದ ಎರಡು ನಿಮಿಷದ ಗಡಿ ತೆಗೆದಳು. ಸರದಿಯಲ್ಲಿ ಅವರನ್ನು ಡಿಸ್ಪ್ಯಾಚಿಗಿಂತ ಮೇಲಕ್ಕೆ ಹಾಕುವಾಗ ಕೈ ಒಂದು ಸಲ ತಡೆಯಿತು. ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲ ಪರದೆಗಳೂ ನಿಲ್ಲುತ್ತವೆ. ಚಲನ್ ಹೊರಬೀಳುವುದಿಲ್ಲ. ಚಲನ್ ಇಲ್ಲದೆ ಗೇಟು ತೆರೆಯುವುದಿಲ್ಲ.

"ಈಗ ಹಾಕಿ ಸರ್. ನಿಮ್ಮ ಪೂರ್ತಿ ಪ್ರಶ್ನೆ."

"ಮತ್ತ ಕತ್ತರಸ್ತದೇನ್ರಿ?"

"ಇಲ್ಲ."

ಈರಬಸಪ್ಪ ಅವಳ ಮುಖ ನೋಡಿದರು. ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡು ಕೀಲಿ ಒತ್ತಿದರು.

ಎರಡು ನಿಮಿಷ ದಾಟಿತು. ಮೊದಲು ಅಕೌಂಟ್ಸಿನವರ ಕಡೆಯಿಂದ ಯಾರೋ ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದು. ಆಮೇಲೆ ಅವಳ ಫೋನ್. ಸ್ವಪ್ನಿಲ್. ಅವಳು ಎತ್ತಲಿಲ್ಲ. ಅದು ನಿಂತು ಮತ್ತೆ ಬಡಿಯಿತು. ಬೇರೆ ಬೇರೆ ಮೇಜುಗಳ ಫೋನುಗಳೂ ಶುರುವಾದವು.

ಮಾಧುರಿ ಕೋಣೆಯಿಂದ ನೇರ ಅವಳ ಬೆನ್ನ ಹಿಂದೆ ಬಂದು ನಿಂತರು. ಪರದೆ ನೋಡಿದ್ದೇ ಸಾಕಾಯಿತು.

"ನಿಲ್ಲಿಸು ಅದನ್ನ," ಎಂದರು ಇಂಗ್ಲಿಷಿನಲ್ಲಿ.

"ಶುರುವಾಗಿ ಸ್ವಲ್ಪ ಹೊತ್ತಾಗಿದೆ ಮೇಡಂ. ಈಗ ನಿಲ್ಸಿದ್ರೆ ಮೊದಲಿಂದ ಓದ್ಬೇಕು."

"ಇಂಪನಾ."

"ನೀವೇ ನಿಲ್ಸಿ ಮೇಡಂ. ನಿಮಗೂ ಪರ್ಮಿಶನ್ ಇದೆ. ನನ್ನ ಕೈಲಿ ಆಗಲ್ಲ."

ಅವಳು ಕೀಲಿಮಣೆಯನ್ನು ಮುಂದಕ್ಕೆ ತಳ್ಳಿದಳು. ಮಾಧುರಿ ಬಗ್ಗಿದರು. ಅವರ ಕೈ ಕೀಲಿಗಳ ಮೇಲೆ ಬಂತು. ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲವಿತ್ತು. ಈರಬಸಪ್ಪ ಅದನ್ನು ಅವರ ಕಡೆ ಸರಿಸಲಿಲ್ಲ; ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು. ಮಾಧುರಿಯ ಇನ್ನೊಂದು ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಪ್ಲಾಂಟ್ ಹೆಡ್ ಹೆಸರು. ಅವರು ಅದನ್ನು ಮಗುಚಿ ಮೇಜಿನ ಮೇಲಿಟ್ಟರು, ಖಾಲಿ ಕುರ್ಚಿಯೊಂದನ್ನು ಕಾಲಿನಿಂದ ಎಳೆದು ಕುಳಿತರು.

"ಎಲ್ಲಿ ತನಕ ಓದೇದ?" ಎಂದರು.

ಅವರು ಕನ್ನಡದಲ್ಲಿ ಕೇಳಿದರೆಂಬುದು ಇಂಪನಾಳಿಗೆ ಉತ್ತರ ಹೇಳಿದ ಮೇಲೆ ಹೊಳೆಯಿತು.

ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಮಾಧುರಿ ಎರಡು ಸಲ ಹೊರಗೆ ಹೋಗಿ ಫೋನಿನಲ್ಲಿ ಮರಾಠಿಯಲ್ಲಿ ಜಗಳವಾಡಿ ಬಂದರು. ಸಾಲುಗಳು ಒಮ್ಮೆಲೇ ಪರದೆ ತುಂಬಿದವು. ಈರಬಸಪ್ಪ ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಬೆರಳಿಟ್ಟು ಓದುತ್ತ ಹೋದರು. ಕೆಟ್ಟ ಸುರುಳಿಯ ಜೊತೆ ಬಂದ ಸುರುಳಿಗಳು ಸಿಕ್ಕಿದವು. ಅವುಗಳಿಂದಾದ ಕೆಲವು ಪೈಪುಗಳು ಅಂಗಳದಲ್ಲಿ ತಾಡಪತ್ರಿ ಬಿಗಿದು ನಿಂತ ಲಾರಿಯೊಂದರಲ್ಲಿದ್ದವು. ಅವರು ಅಷ್ಟನ್ನು ಕಾಗದಕ್ಕೆ ಇಳಿಸಿಕೊಂಡು, "ಬರ್ರಿ ಮಾಧುರಿಬಾಯಿ," ಎಂದು ಪ್ಲಾಂಟ್ ಹೆಡ್ ಕೋಣೆಗೆ ಹೊರಟರು. ಹೋಗುವಾಗ ಊಟದ ಡಬ್ಬಿ ಕುರ್ಚಿಯ ಕೆಳಗೇ ಉಳಿಯಿತು.

ಇಂಪನಾ ಒಬ್ಬಳೇ ಉಳಿದ ಸಾಲುಗಳನ್ನು ನೋಡಿದಳು. ಇನ್ನೊಂದಿಷ್ಟು ಪೆಟ್ಟಿಗೆಗಳ ಎದುರು ಇಂದೂರು ಎಂದಿತ್ತು. ಹೊರಟ ದಿನ ಮಂಗಳವಾರ. ಅವಳು ರದ್ದಾದ ಪ್ರಶ್ನೆಗಳ ದಾಖಲೆ ತೆರೆದಳು. ಈರಬಸಪ್ಪನವರ ಪ್ರಶ್ನೆ ಮೊದಲ ಸಲ ಕಡಿದು ಹೋದದ್ದು ಸೋಮವಾರ ಮಧ್ಯಾಹ್ನ. ಆ ದಿನ ಅದನ್ನು ನೋಡಿದ ನೆನಪು ಅವಳಿಗಿತ್ತು. ನೋಡಿ, ಮುಂದಿನ ಸಾಲಿಗೆ ಹೋಗಿದ್ದಳು.

ಅಷ್ಟರಲ್ಲಿ ಸ್ವಪ್ನಿಲ್ ಬಂದ. ಕೂಗಾಡುತ್ತಾನೆಂದುಕೊಂಡಿದ್ದಳು. ಅವನ ಅಂಗಿಯ ತೋಳಿಗೆ ಧೂಳು ಹತ್ತಿತ್ತು. ಲಾರಿಯ ಹಗ್ಗ ಬಿಚ್ಚಿಸಿ ಬಂದಿದ್ದ.

"ನೀವು ಕೆಳಗೆ ಬಂದಾಗಲೇ ನನಗೆ ಹೇಳಬಹುದಿತ್ತು ಮ್ಯಾಡಮ್," ಎಂದ. "ಕೇಳಿದ್ದರೆ ನಾನೇ ನಿಧಾನ ಮಾಡ್ತಿದ್ದೆನೋ ಏನೋ. ನೀವು ಪೆಟ್ಟಿಗೆ ಮುಟ್ಟಿ ನೋಡಿ ಹೋದಿರಿ."

ಅವಳು ಕುರ್ಚಿಯಿಂದ ಎದ್ದಳು. ಅವನು ಕಾಯದೆ ಮೆಟ್ಟಿಲಿಳಿದ.

ಕತ್ತಲಾಗುವ ಮುಂಚೆ ಈರಬಸಪ್ಪ ಡಬ್ಬಿ ತಗೊಳ್ಳಲು ಬಂದರು. ಲಾರಿ ಖಾಲಿ ಮಾಡುತ್ತಿದ್ದಾರೆ, ಉಳಿದ ಎರಡು ಹೊರಟವು ಎಂದು ಹೇಳಿದರು.

"ಇಂದೂರಿಂದು?" ಎಂದಳು.

"ಫೋನ್ ಮಾಡ್ಯಾರ. ಅಲ್ಲಿ ಅರ್ಧ ಪೆಟ್ಟಿಗಿ ಒಡದಾರಂತ. ಕೆಲವು ಗಾಡಿಗೆ ಹಾಕಿ ಆಗೇದ. ಗಾಡಿ ಶೋರೂಮಿಗೆ ಹೋಗ್ಯಾವೋ ಇಲ್ಲೋ, ಹುಡಕ್ತಾರ." ಅವರು ಡಬ್ಬಿಯನ್ನು ಕೈಯಿಂದ ಕೈಗೆ ಬದಲಾಯಿಸಿದರು. "ಸಿಗ್ತಾವ್ರಿ. ಎಲ್ಲಾ ಅಲ್ಲದಿದ್ರೂ ಭಾಳಷ್ಟು ಸಿಗ್ತಾವ."

"ಸೋಮವಾರ ನೀವು ಮೊದಲು ಹಾಕಿದ್ದು ನಾನು ನೋಡಿದ್ದೆ ಸರ್. ಕಟ್ ಆಗಿತ್ತು. ಸರಿಯಾಗಿ ಕೆಲಸ ಮಾಡ್ತಿದೆ ಅಂದ್ಕೊಂಡೆ."

ಈರಬಸಪ್ಪ ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ನಾನರ ಸೋಮವಾರನ ಮ್ಯಾಲ ಹತ್ತಿ ಬರಬೇಕಾಗಿತ್ತಲ್ಲ," ಎಂದರು. "ಮಿಷನ್ನಿಗೆ ಕೇಳ್ಕೋತ ಕುಂತ್ಯಾ. ಆ ಕಡೆ ಒಂದು ಮನಷ್ಯಾ ಅದ ಅಂತ ತಲಿಗೇ ಬರಲಿಲ್ಲ."

ಅವಳು ಬ್ಯಾಗು ಹೆಗಲಿಗೆ ಹಾಕಿಕೊಳ್ಳುವಾಗ ಮಾಧುರಿ ಕೋಣೆಯ ಬಾಗಿಲಲ್ಲಿ ನಿಂತು ಕರೆದರು. ಮುಖ ತೊಳೆದು ಬಂದಿದ್ದರು, ಹಣೆಯ ಕೂದಲು ಒದ್ದೆಯಿತ್ತು.

"ನಾಳಿಂದ ಕಟ್ಟಳೆ ಬದಲಾ ಮಾಡೂದು ನಿನ್ನ ಕೈಯಾಗ ಇರಂಗಿಲ್ಲ, ಇಂಪನಾ. ನನಗೂ ಪ್ಲಾಂಟ್ ಹೆಡ್ಡಿಗೂ ಬರದು ಕೇಳಬೇಕಾಗತದ. ಹಂಗಂತ ನಾ ಒಪ್ಪಕೊಂಡು ಬಂದೇನಿ. ನಿನ್ನ ಕೆಲಸ ಉಳಸಿ ಅಷ್ಟರಾಗ ಮುಗಿಸಿಕೊಂಡು ಬಂದೇನಿ ಅನ್ನು."

"ಸರಿ ಮೇಡಂ."

"ಊಟಾ ಮಾಡಿಯೇನು?"

ಇಂಪನಾ ತಲೆಯಾಡಿಸಿದಳು. ಅದು ಹೌದೋ ಅಲ್ಲವೋ ಮಾಧುರಿ ಕೇಳಲಿಲ್ಲ.

ಸ್ಕೂಟರಿನಲ್ಲಿ ಹೊರಟಾಗ ಕೆಲಸ ಬಿಡುವ ಹೊತ್ತಿನ ದಟ್ಟಣೆ ಇನ್ನೂ ಕರಗಿರಲಿಲ್ಲ. ನಾಸಿಕ್ ಫಾಟಾದ ಸಿಗ್ನಲ್ಲಿಗೆ ಸ್ವಲ್ಪ ಹಿಂದೆ ಎಲ್ಲ ಗಾಡಿಗಳೂ ಒಂದಕ್ಕೊಂದು ಒತ್ತಿಕೊಂಡು ನಿಂತವು. ಅವಳ ಮುಂದೆ ಒಂದು ಸಣ್ಣ ಟೆಂಪೊ ಇತ್ತು. ಹಿಂಭಾಗದಲ್ಲಿ ಹೂಕೋಸಿನ ಚೀಲಗಳ ನಡುವೆ ಒಬ್ಬ ಹೆಂಗಸು ಕಾಲು ಚಾಚಿ ಕುಳಿತು, ಮಡಿಲಲ್ಲಿ ಮಲಗಿದ್ದ ಮಗುವಿನ ಕಿವಿಯ ಮೇಲೆ ಒಂದು ಕೈ ಮುಚ್ಚಿ ಹಿಡಿದಿದ್ದಳು. ಟೆಂಪೊದ ಬ್ರೇಕಿನ ಕೆಂಪು ದೀಪ ಹೊತ್ತಿಕೊಂಡೇ ಇತ್ತು.

ಸಿಗ್ನಲ್ ಹಸಿರಾಗಿ ದೀಪ ಆರಿತು. ಟೆಂಪೊ ಒಂದು ಸಲ ಜಗ್ಗಿ ಮುಂದೆ ಸರಿಯಿತು. ಇಂಪನಾ ತಕ್ಷಣ ಹೊರಡಲಿಲ್ಲ. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಅವಳು ಎರಡು ಕಾಲನ್ನೂ ನೆಲಕ್ಕೆ ಊರಿ, ಆ ಟೆಂಪೊ ಮುಂದಿನ ಸೇತುವೆಯ ಇಳಿಜಾರನ್ನು ದಾಟಿ, ಕೆಳಗೆ ತಿರುವಿನಲ್ಲಿ ಮತ್ತೆ ಕೆಂಪು ದೀಪ ಹೊತ್ತಿಸಿಕೊಂಡು ನಿಧಾನವಾಗುವ ತನಕ ನೋಡುತ್ತ ನಿಂತಳು.